‘ದನಾ ಕಾಯಾಕ ಹೋಗು’: ಬೈಗುಳವಾದ ಒಂದು ವಿದ್ಯೆ

ಕರ್ನಾಟಕದ ಶಾಲೆಗಳಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿರುವ ಬೈಗುಳ ಯಾವುದೆಂದು ತಿಳಿಯಲು ಯಾವ ಸಮೀಕ್ಷೆಯೂ ಬೇಕಾಗಿಲ್ಲ. ಮಗ್ಗಿ ತಪ್ಪಿದ ಹುಡುಗನಿಗೆ, ಕಾಗುಣಿತ ಬಾರದ ಹುಡುಗಿಗೆ, ಪರೀಕ್ಷೆಯಲ್ಲಿ ನಪಾಸಾದವನಿಗೆ ಸಿಗುವ ಮಾತು ಒಂದೇ: ‘ನೀನು ದನ ಕಾಯೋಕೇ ಲಾಯಕ್ಕು.’ ಮಲೆನಾಡಿನಲ್ಲಿಯೂ ಇದೇ ಮಾತು, ಬಳ್ಳಾರಿಯ ಬಯಲಿನಲ್ಲಿಯೂ ಇದೇ ಮಾತು. ಅಲ್ಲಿ ಅದು ‘ದನಾ ಕಾಯಾಕ ಹೋಗು’ ಎಂದಾಗುತ್ತದೆ, ಅಷ್ಟೇ ವ್ಯತ್ಯಾಸ. ಹೀಗೆ ಬೈಯುವವರಲ್ಲಿ ಅನೇಕರು ದನ ಕಾಯ್ದವರ ಮಕ್ಕಳೋ ಮೊಮ್ಮಕ್ಕಳೋ ಆಗಿರುತ್ತಾರೆ. ಬೈಸಿಕೊಳ್ಳುವ ಮಗು ಅದೇ ಬೆಳಿಗ್ಗೆ ಮನೆಯ ಎಮ್ಮೆಗೆ ಮೇವು ಹಾಕಿ, ಸಗಣಿ ಬಾಚಿ, ಕೈ ತೊಳೆದುಕೊಂಡು ಶಾಲೆಗೆ ಬಂದಿರುತ್ತದೆ. ಆ ಒಂದು ವಾಕ್ಯ ಮಗುವಿಗೆ ಎರಡು ಸಂಗತಿಗಳನ್ನು ಏಕಕಾಲಕ್ಕೆ ಕಲಿಸುತ್ತದೆ. ದನ ಕಾಯಲು ಬುದ್ಧಿ ಬೇಕಾಗಿಲ್ಲ ಎಂಬುದು ಒಂದು. ದನ ಕಾಯುವ ತನ್ನ ಮನೆಯವರಿಗೆ ಬುದ್ಧಿಯಿಲ್ಲ ಎಂಬುದು ಇನ್ನೊಂದು. ಎರಡೂ ಸುಳ್ಳು.

ಈ ಸುಳ್ಳನ್ನು ಪರೀಕ್ಷಿಸಲು ಬಳ್ಳಾರಿ ಜಿಲ್ಲೆಗಿಂತ ತಕ್ಕ ಸ್ಥಳ ಸಿಗಲಾರದು. ಮಲೆನಾಡಿನ ಓದುಗರಿಗೆ ಬಳ್ಳಾರಿಯೆಂದರೆ ಗಣಿಯ ಕೆಂಧೂಳು, ಬಿರುಬಿಸಿಲು ಮತ್ತು 2011ರಲ್ಲಿ ಸುಪ್ರೀಂ ಕೋರ್ಟು ತಡೆದ ಗಣಿಗಾರಿಕೆ ಮಾತ್ರ ನೆನಪಾಗಬಹುದು. ಆದರೆ ಮಲೆನಾಡಿನ ತುಂಗೆ ಮತ್ತು ಭದ್ರೆ ಒಂದಾಗಿ ಹರಿದು ಸಿರುಗುಪ್ಪದ ಗದ್ದೆಗಳನ್ನು ತೋಯಿಸುತ್ತವೆ; ಬಯಲುಸೀಮೆಯ ಕುರಿಗೊಬ್ಬರ ಲಾರಿಯೇರಿ ಮಲೆನಾಡಿನ ಅಡಿಕೆ ತೋಟಗಳಿಗೆ ಬರುತ್ತದೆ. ನೀರು ಅತ್ತ, ಗೊಬ್ಬರ ಇತ್ತ. ಕೊಟ್ಟಿಗೆ ಖಾಲಿಯಾದ ಮಲೆನಾಡು ಬಯಲಿನ ಹಟ್ಟಿಯನ್ನು ನೆಚ್ಚಿಕೊಂಡಿರುವಾಗ, ಆ ಹಟ್ಟಿಯಲ್ಲಿ ಮಕ್ಕಳು ಏನು ಕಲಿಯುತ್ತಿದ್ದಾರೆ, ಏನನ್ನು ಕಳೆದುಕೊಳ್ಳುತ್ತಿದ್ದಾರೆ ಎಂಬುದು ಪರರ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಬೂದಿಗುಡ್ಡದ ಸಾಕ್ಷಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ಒಂದು ಬೂದಿಗುಡ್ಡವಿದೆ. ನಗರದ ಮಗ್ಗುಲಲ್ಲೇ ಇರುವ ಸಂಗನಕಲ್ಲು, ಕಪ್ಪಗಲ್ಲುಗಳ ಪರಿಸರದಲ್ಲಿಯೂ ಇಂಥ ಬೂದಿಯ ದಿಬ್ಬವಿದೆ. ಹಂಪಿಯ ಹತ್ತಿರದ ನಿಂಬಾಪುರದ ಬೂದಿಗುಡ್ಡವನ್ನು ಜನ ವಾಲಿಯ ಚಿತಾಭಸ್ಮವೆಂದು ನಂಬುತ್ತಾರೆ. ಪುರಾತತ್ತ್ವಜ್ಞರು ಹೇಳುವ ಕಥೆ ಇನ್ನೂ ಸೋಜಿಗದ್ದು. ನಾಲ್ಕೈದು ಸಾವಿರ ವರ್ಷಗಳ ಹಿಂದೆ ಇಲ್ಲಿ ನೆಲೆಸಿದ್ದ ನವಶಿಲಾಯುಗದ ಜನರು ದನದ ದೊಡ್ಡಿಗಳಲ್ಲಿ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಈ ಗುಡ್ಡಗಳು ಬೆಳೆದವು. ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ನಡೆಸಿದ ಎಫ್.ಆರ್. ಆಲ್ಚಿನ್ ಅವರಿಗೆ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ದೊರೆತವು. ದಕ್ಷಿಣ ಭಾರತದ ಈ ದನಗಾಹಿಗಳನ್ನು ಕುರಿತ ಅವರ ಗ್ರಂಥ ಪ್ರಕಟವಾದದ್ದು 1963ರಲ್ಲಿ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯೂ ಅದೇ ಯುಗದ ಪ್ರಸಿದ್ಧ ನೆಲೆ. ಕಪ್ಪಗಲ್ಲಿನ ಹಿರೇಗುಡ್ಡದ ಬಂಡೆಗಳ ಮೇಲೆ ಆ ಜನ ಕುಟ್ಟಿ ಮೂಡಿಸಿದ ಚಿತ್ರಗಳಲ್ಲಿ ಎದ್ದು ಕಾಣುವುದು ಗೂಳಿ. ಕುರುಗೋಡಿನ ದೊಡ್ಡಬಸವೇಶ್ವರ ದೇಗುಲದಲ್ಲಿ ಸುಮಾರು 12 ಅಡಿ ಎತ್ತರದ ನಂದಿ ಇಂದಿಗೂ ಕುಳಿತಿದ್ದಾನೆ.

ಅಂದರೆ ಈ ನೆಲದ ಮೊದಲ ವಿದ್ಯೆಗಳಲ್ಲಿ ದನ ಕಾಯುವುದೂ ಒಂದು. ಅಕ್ಷರಕ್ಕಿಂತ, ಕಬ್ಬಿಣಕ್ಕಿಂತ ಹಳೆಯದಾದ ಈ ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಮಕ್ಕಳ ಕೈಯಲ್ಲೇ ದಾಟಿ ಬಂದಿದೆ. ಅದು ಯಾವ ಗ್ರಂಥದಲ್ಲಿಯೂ ಬರೆದಿಟ್ಟದ್ದಲ್ಲವಾದ್ದರಿಂದ ಒಂದು ತಲೆಮಾರಿನ ಮಕ್ಕಳು ಕೈಬಿಟ್ಟರೆ ಸಾಕು, ಮತ್ತೆ ಹುಡುಕಿ ತೆಗೆಯಲು ಪುಸ್ತಕವಿಲ್ಲ. ಬೂದಿಗುಡ್ಡದ ನೆರಳಿನಲ್ಲಿರುವ ಶಾಲೆಯಲ್ಲಿ ‘ದನಾ ಕಾಯಾಕ ಹೋಗು’ ಎಂದು ಮಗುವನ್ನು ಹಂಗಿಸುವವರಿಗೆ ತಾವು ಯಾವ ನೆಲದ ಮೇಲೆ ನಿಂತು ಮಾತಾಡುತ್ತಿದ್ದೇವೆಂಬ ಅರಿವಿಲ್ಲ.

ಹಟ್ಟಿಯ ಪಾಠಗಳು

ದನಕರುಗಳ ಆರೈಕೆಯಿಂದ ಮಕ್ಕಳಲ್ಲಿ ದಯೆ ಬೆಳೆಯುತ್ತದೆ ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ದಯೆ ಬೆಳೆಯುವುದು ನಿಜ. ಆದರೆ ಅಷ್ಟನ್ನೇ ಹೇಳಿದರೆ ಹಟ್ಟಿಯ ವಿದ್ಯೆಯನ್ನು ನೀತಿಪಾಠದ ಮಟ್ಟಕ್ಕೆ ಇಳಿಸಿದಂತಾಗುತ್ತದೆ. ಅಲ್ಲಿ ನಡೆಯುವುದು ಕಟ್ಟುನಿಟ್ಟಾದ ವಿಜ್ಞಾನ ಶಿಕ್ಷಣ.

ಮೊದಲನೆಯದು ನೋಡುವ ವಿದ್ಯೆ. ಪ್ರಾಣಿ ಬಾಯಿ ಬಿಟ್ಟು ತನ್ನ ನೋವನ್ನು ಹೇಳುವುದಿಲ್ಲ. ಆರೋಗ್ಯವಂತ ಹಸು ದಿನಕ್ಕೆ ಆರರಿಂದ ಎಂಟು ಗಂಟೆ ಮೆಲುಕು ಹಾಕುತ್ತದೆ. ಮೂಗಿನ ತುದಿ ಸದಾ ತೇವವಾಗಿರುತ್ತದೆ. ಮೆಲುಕು ನಿಂತಿದೆ, ಮೂಗು ಒಣಗಿದೆ, ಕಿವಿ ಜೋತಿವೆ ಎಂದು ಸಂಜೆ ಮನೆಯವರಿಗೆ ಮೊದಲು ಬಂದು ಹೇಳುವುದು ಹತ್ತು ವರ್ಷದ ಹುಡುಗಿಯೇ ಆಗಿರಬಹುದು. ಆಕೆ ಮಾಡಿದ್ದು ರೋಗಪತ್ತೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ದನಗಳಲ್ಲಿ ಹಬ್ಬಿದಾಗ ಚರ್ಮದ ಮೇಲಿನ ಗಂಟುಗಳನ್ನು ಮೊದಲ ದಿನವೇ ಗುರುತಿಸಲು ಬೇಕಾಗಿದ್ದುದು ಯಂತ್ರವಲ್ಲ, ಪ್ರತಿದಿನ ಆ ಮೈಯನ್ನು ತಡವಿದ ಕೈ.

ಎರಡನೆಯದು ಕಾಲದ ಲೆಕ್ಕ. ಕೋಳಿಯ ಕಾವಿಗೆ 21 ದಿನ, ಕುರಿಯ ಗರ್ಭಕ್ಕೆ ಐದು ತಿಂಗಳು, ಹಸುವಿಗೆ ಒಂಬತ್ತು ತಿಂಗಳು ತುಂಬಿ ಕೆಲವು ದಿನ, ಎಮ್ಮೆಗೆ ಹತ್ತು ತಿಂಗಳು. ಈ ಯಾವುದನ್ನೂ ಅವಸರಪಡಿಸಲಾಗದು. ಬೆರಳೊತ್ತಿದೊಡನೆ ಪರದೆಯ ಮೇಲೆ ಎಲ್ಲವೂ ಮೂಡುವ ಈ ಕಾಲದಲ್ಲಿ 21 ದಿನ ಕಾಯಲು ಕಲಿಸುವ ಬೇರೆ ಗುರು ಮಗುವಿಗೆ ಎಲ್ಲಿದ್ದಾನೆ? ಹಸುವಿನ ವಯಸ್ಸು ಹೇಳಲು ಹಳ್ಳಿಯ ಹುಡುಗ ಅದರ ಕೆಳದವಡೆ ನೋಡುತ್ತಾನೆ. ಹಾಲುಹಲ್ಲು ಬಿದ್ದು ಮೊದಲ ಜೋಡಿ ಹಲ್ಲು ಬಂದಿದ್ದರೆ ಎರಡು ವರ್ಷ ದಾಟಿದೆ. ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಬಾಯಿಗೂಡುವುದು. ಪಶುವೈದ್ಯ ಕಾಲೇಜಿನಲ್ಲಿ ಕಲಿಸುವುದೂ ಇದನ್ನೇ.

ಮೂರನೆಯದು ಮಿತಿಯ ಅರಿವು. ಬಳ್ಳಾರಿಯ ಎರೆಭೂಮಿಯಲ್ಲಿ ಜೋಳ ಮೇವೂ ಹೌದು, ವಿಷವೂ ಹೌದು. ಎಳೆಯ ಜೋಳದ ಪೈರಿನಲ್ಲಿ, ಮಳೆ ಕೈಕೊಟ್ಟು ಬಾಡಿದ ಪೈರಿನಲ್ಲಿ, ಕಟಾವಿನ ನಂತರ ಚಿಗುರಿದ ಕೂಳೆಯಲ್ಲಿ ಹೈಡ್ರೋಸಯನಿಕ್ ಆಮ್ಲ ಬಿಡುಗಡೆಯಾಗುವ ಅಂಶ ಹೆಚ್ಚಾಗಿರುತ್ತದೆ. ಹಸಿದ ದನ ಅದನ್ನು ಹೊಟ್ಟೆತುಂಬ ಮೇಯ್ದರೆ ಕೆಲವೇ ನಿಮಿಷಗಳಲ್ಲಿ ಉಸಿರುಗಟ್ಟಿ ಸಾಯಬಹುದು. ಅದೇ ಜೋಳ ಬಲಿತು ಒಣಗಿ ಕಣಿಕೆಯಾದಾಗ ವರ್ಷವಿಡೀ ಆಹಾರ. ದನ ಕಾಯುವ ಮಗುವಿಗೆ ಈ ವ್ಯತ್ಯಾಸ ಬಾಯಿಪಾಠವಲ್ಲ, ಪ್ರಾಣದ ಪ್ರಶ್ನೆ. ರಸಾಯನಶಾಸ್ತ್ರದ ಯಾವ ಪ್ರಯೋಗಾಲಯವೂ ಇಷ್ಟು ಗಂಭೀರವಾಗಿ ಈ ಪಾಠವನ್ನು ಕಲಿಸಲಾರದು.

ಇಲ್ಲಿಯೇ ಹಟ್ಟಿಗೂ ತರಗತಿಗೂ ಇರುವ ಮೂಲ ಭೇದ ಕಾಣುವುದು. ತರಗತಿಯಲ್ಲಿ ಮಗು ತಪ್ಪಿದರೆ ಮಗುವಿಗೆ ಅಂಕ ಹೋಗುತ್ತದೆ. ಹಟ್ಟಿಯಲ್ಲಿ ಮಗು ಮರೆತರೆ ಮತ್ತೊಂದು ಜೀವ ಬಾಯಾರುತ್ತದೆ. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಯಬೇಕು; ಒಂದು ದಿನ ಕಳೆದರೆ ಅದರಲ್ಲಿರುವ ರೋಗನಿರೋಧಕ ಅಂಶಗಳನ್ನು ಹೀರಿಕೊಳ್ಳುವ ಶಕ್ತಿಯನ್ನು ಕರುವಿನ ಕರುಳು ಕಳೆದುಕೊಂಡಿರುತ್ತದೆ. ಮರುದಿನ ಕ್ಷಮೆ ಕೇಳಿ ಸರಿಪಡಿಸಲಾಗದು. ತನ್ನ ಅಲಕ್ಷ್ಯದ ಬೆಲೆಯನ್ನು ಇನ್ನೊಬ್ಬರು ತೆರುತ್ತಾರೆ ಎಂಬ ತಿಳಿವಳಿಕೆಯೇ ಹೊಣೆಗಾರಿಕೆಯ ಬುಡ. ಪೌರನೀತಿಯ ಪಠ್ಯದಲ್ಲಿ ಹೊಣೆಗಾರಿಕೆಯನ್ನು ವ್ಯಾಖ್ಯಾನಿಸಿ ಐದು ಅಂಕ ಪಡೆದ ಮಗುವಿಗೆ ಅದರ ರುಚಿ ತಿಳಿದಿರಬೇಕೆಂದಿಲ್ಲ.

ಸಾವಿನ ಪಾಠವೂ ಇದರೊಳಗಿದೆ. ಬಳ್ಳಾರಿ ಕುರಿಯೆಂಬ ತಳಿಗೆ ಈ ಜಿಲ್ಲೆಯದೇ ಹೆಸರು. ಅದರ ಉಣ್ಣೆ ಕಂಬಳಿಗೆ, ಮಾಂಸ ಮಾರುಕಟ್ಟೆಗೆ. ತಾನು ಎತ್ತಿ ಆಡಿಸಿದ ಮರಿ ಒಂದು ದಿನ ಸಂತೆಗೆ ಹೋಗುತ್ತದೆಂಬುದನ್ನು ಕುರಿಗಾರರ ಮಗು ಅಳುತ್ತಲೇ ಅರಗಿಸಿಕೊಳ್ಳುತ್ತದೆ. ಆ ಮಗುವಿಗೆ ತಟ್ಟೆಯಲ್ಲಿರುವ ಅನ್ನ ಎಲ್ಲಿಂದ ಬಂತೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಇದನ್ನು ಕ್ರೌರ್ಯವೆಂದು ಕರೆಯುವ ನಗರದ ಸುಸಂಸ್ಕೃತರು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುವ ಹಾಲು, ಮೊಟ್ಟೆ, ಮಾಂಸಗಳ ಹಿಂದಿನ ಜೀವವನ್ನು ತಾವೆಂದಾದರೂ ಕಣ್ಣಾರೆ ಕಂಡಿದ್ದಾರೆಯೇ ಎಂದು ಕೇಳಿಕೊಳ್ಳಲಿ.

ಸಿರುಗುಪ್ಪದ ಹೊಗೆ

ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳು ಬಂದ ಮೇಲೆ ಸಿರುಗುಪ್ಪ ಭತ್ತದ ಕಣಜವಾಯಿತು. ಅದು ರೈತರಿಗೆ ಅನ್ನ ಕೊಟ್ಟಿತೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಟ್ರ್ಯಾಕ್ಟರು ನೇಗಿಲನ್ನು, ಕೊಯ್ಲಿನ ಯಂತ್ರ ಕುಡುಗೋಲನ್ನು ಸರಿಸಿದಾಗ ಎತ್ತು ಮನೆಯಿಂದ ಹೊರನಡೆಯಿತು. ಎತ್ತು ಹೋದ ಮೇಲೆ ಹುಲ್ಲಿಗೆ ಬಾಯಿಲ್ಲ. ಯಂತ್ರ ಚೆಲ್ಲಾಡಿ ಹೋದ ಭತ್ತದ ಹುಲ್ಲಿಗೆ ಗದ್ದೆಯಲ್ಲೇ ಬೆಂಕಿ ಬೀಳುತ್ತದೆ. ಹಿಂದೆ ದನದ ಹೊಟ್ಟೆ ಸೇರಿ, ತಿಪ್ಪೆ ಸೇರಿ, ಮತ್ತೆ ಗದ್ದೆಗೆ ಮರಳುತ್ತಿದ್ದುದು ಈಗ ಹೊಗೆಯಾಗಿ ಊರಿನ ಮೇಲೆ ನಿಲ್ಲುತ್ತದೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ಜನ ದನ ಹೆಚ್ಚಾಗಿ ಸಗಣಿ ಸುಟ್ಟರು. ಇಂದಿನವರು ದನವಿಲ್ಲದೆ ಹುಲ್ಲು ಸುಡುತ್ತಾರೆ.

ಆ ಹೊಗೆಯನ್ನು ನೋಡುತ್ತ ಬೆಳೆಯುವ ಮಗುವಿಗೆ ಹುಲ್ಲು ಎಂದರೆ ಕಸ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆಯ ಮಕ್ಕಳಿಗೆ ಕೆನೆಭರಿತ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲು ಸಿಗುತ್ತದೆ. ಬಡ ಮಕ್ಕಳ ಪೌಷ್ಟಿಕತೆಗೆ ಅದು ಅಗತ್ಯ, ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ಹಾಲೆಂದರೆ ಬಿಸಿನೀರಿಗೆ ಕದಡುವ ಪುಡಿ ಎಂದಷ್ಟೇ ಬಲ್ಲ ಮಗು ಪುಣ್ಯಕೋಟಿಯ ಕಥೆಯನ್ನು ರಾಗವಾಗಿ ಹಾಡುವುದರಲ್ಲಿ ಒಂದು ವ್ಯಂಗ್ಯವಿದೆ. ಗೋವಿನ ಹಾಡಿನ ಗೊಲ್ಲ ತನ್ನ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಆ ಹಾಡನ್ನು ಕಂಠಪಾಠ ಮಾಡಿಸುವ ಶಾಲೆ ಗೊಲ್ಲನ ಕೆಲಸವನ್ನು ಮಾತ್ರ ದಡ್ಡರ ಪಾಲಿಗೆ ಬಿಡುತ್ತದೆ.

ನೆಲದ ಪ್ರಶ್ನೆಯೂ ಇದಕ್ಕೆ ಹೆಣೆದುಕೊಂಡಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳ ಇರಬೇಕೆನ್ನುತ್ತವೆ. ದನಗಳ ಸಂಖ್ಯೆ ಇಳಿದಂತೆ ಗೋಮಾಳ ‘ಹೆಚ್ಚುವರಿ’ಯಾಗುತ್ತದೆ, ಹೆಚ್ಚುವರಿಯಾದದ್ದು ಬೇರೆ ಕೈಗೆ ಹೋಗುತ್ತದೆ, ಗೋಮಾಳ ಹೋದಂತೆ ಉಳಿದ ದನಗಳಿಗೂ ಮೇವಿಲ್ಲದಾಗುತ್ತದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ದೇಸಿ ದನಗಳ ಸಂಖ್ಯೆ 2012ಕ್ಕಿಂತ ಸುಮಾರು ಶೇಕಡಾ 6ರಷ್ಟು ಕುಸಿದಿತ್ತು. ದನ ಕಾಯುವುದು ಹೀನವೆಂದು ಕಲಿತ ಮಕ್ಕಳು ನಾಳೆ ಗ್ರಾಮಸಭೆಯಲ್ಲಿ ಕುಳಿತಾಗ ಗೋಮಾಳಕ್ಕಾಗಿ ಎದ್ದು ಮಾತಾಡುವರೇ? ತರಗತಿಯ ಒಂದು ಬೈಗುಳಕ್ಕೂ ಊರಿನ ಹುಲ್ಲುಗಾವಲಿಗೂ ಇರುವ ನಂಟು ಇದು.

ನಗರದಲ್ಲಿ ಸಾಕುಪ್ರಾಣಿ

ಬಳ್ಳಾರಿ ನಗರದ ಮಧ್ಯಮ ವರ್ಗದ ಮನೆಗಳಲ್ಲಿ ಪ್ರಾಣಿಪ್ರೀತಿ ಬೇರೊಂದು ರೂಪ ತಾಳಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿಗೆ ಹಿಮಪ್ರದೇಶದ ಹಸ್ಕಿ ನಾಯಿಯನ್ನು ತಂದು, ತಂಪುಯಂತ್ರದ ಕೋಣೆಯಲ್ಲಿ ಕೂಡಿಹಾಕಿ, ಅದರೊಂದಿಗೆ ಮಗುವಿನ ಫೋಟೊ ತೆಗೆಯುವುದು ಸಾಕುವುದಲ್ಲ, ಪ್ರದರ್ಶನ. ಆ ಮನೆಯ ಮಗು ನಾಯಿಯನ್ನು ಮುದ್ದಿಸುತ್ತದೆ. ಅದರ ಹೇಲನ್ನು ಕೆಲಸದವರು ಬಾಚುತ್ತಾರೆ. ಪ್ರೀತಿ ತನಗೆ, ಹೊಲಸು ಪರರಿಗೆ ಎಂಬುದು ಆ ಮಗು ಕಲಿತ ಪಾಠ. ಅದೇ ಮನೆಯ ಹೊರಗೆ ಬೀಡಾಡಿ ದನ ಕಸದ ತೊಟ್ಟಿಯಿಂದ ಪ್ಲಾಸ್ಟಿಕ್ ಚೀಲವನ್ನು ಎಳೆದು ನುಂಗುತ್ತಿರುತ್ತದೆ. ನುಂಗಿದ ಚೀಲ ಮೆಲುಕಿಗೂ ಬಾರದೆ, ಮುಂದಕ್ಕೂ ಸಾಗದೆ ಮೊದಲ ಹೊಟ್ಟೆಯಲ್ಲೇ ಗಂಟಾಗಿ ಉಳಿಯುತ್ತದೆ. ತರಕಾರಿ ಸಿಪ್ಪೆಯನ್ನು ಚೀಲದಲ್ಲಿ ಕಟ್ಟಿ ಎಸೆಯದಿರುವುದೂ ಒಂದು ಪಶುಪಾಲನೆಯೇ ಎಂಬುದನ್ನು ನಗರದ ಮಗುವಿಗೆ ಕಲಿಸಿದವರು ಯಾರು?

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಹಿಂದೆ ಮಕ್ಕಳು ಕೆರೆಯ ಜೇಡಿಮಣ್ಣನ್ನು ತಂದು, ಹದಮಾಡಿ, ಎತ್ತುಗಳನ್ನು ತಾವೇ ತಿದ್ದುತ್ತಿದ್ದರು. ಕೊಂಬಿನ ಬಾಗು, ಇಣಿಯ ಎತ್ತರ, ಗಂಗೆದೊಗಲಿನ ಇಳಿಜಾರು ಇವನ್ನು ದಿನವೂ ಕಂಡ ಕಣ್ಣಿಗೆ ಮಾತ್ರ ಆ ಎತ್ತು ಒಲಿಯುತ್ತಿತ್ತು. ಇಂದು ಅಚ್ಚಿನಲ್ಲಿ ಎರಕ ಹೊಯ್ದ, ಬಣ್ಣ ಬಳಿದ ಎತ್ತುಗಳು ಪೇಟೆಯ ಬೀದಿಯಲ್ಲಿ ಜೋಡಿಯಾಗಿ ಸಿಗುತ್ತವೆ. ಹಬ್ಬ ಉಳಿದಿದೆ, ಕಣ್ಣು ಹೋಗಿದೆ.

ಜೀತ ಬೇರೆ, ಆರೈಕೆ ಬೇರೆ

ಇಷ್ಟು ಹೇಳಿದೊಡನೆ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ದನ ಕಾಯುವುದನ್ನು ಹೊಗಳಿ ಬಡವರ ಮಕ್ಕಳನ್ನು ಮತ್ತೆ ಹಟ್ಟಿಗೆ ಅಟ್ಟುವ ಹುನ್ನಾರವೇ ಇದು? ಸಾಲದ ಬಡ್ಡಿಗೆ ಮಗನನ್ನು ಧಣಿಯ ದನ ಕಾಯಲು ಬಿಟ್ಟ ತಂದೆಯರ ನೋವು ಈ ಸೀಮೆಗೆ ಹೊಸದಲ್ಲ. ಜೀತಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 1976ರಲ್ಲಿ. ‘ದನ ಕಾಯಲು ಹೋಗು’ ಎಂಬ ಬೈಗುಳದ ವಿಷದಲ್ಲಿ ಆ ಚರಿತ್ರೆಯ ಪಾಲೂ ಇದೆ. ದಲಿತ ಹಾಗೂ ಹಿಂದುಳಿದ ಸಮುದಾಯಗಳ ಮಕ್ಕಳಿಗೆ ಅದು ಎರಡು ಪಟ್ಟು ಚುಚ್ಚುತ್ತದೆ. ಆದ್ದರಿಂದ ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಪರರ ಮಂದೆಯನ್ನು ಇಡೀ ದಿನ, ಶಾಲೆ ಬಿಟ್ಟು, ಕೂಲಿಗೋ ಸಾಲಕ್ಕೋ ಕಾಯುವುದು ಜೀತ. ತನ್ನ ಮನೆಯ ಜೀವಗಳನ್ನು ಶಾಲೆಯ ಹೊತ್ತಿನ ಆಚೆ, ಹಿರಿಯರ ಜೊತೆಗೂಡಿ, ತನ್ನ ಶಕ್ತಿಗೆ ತಕ್ಕಂತೆ ನೋಡಿಕೊಳ್ಳುವುದು ಆರೈಕೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸುತ್ತಲೇ, ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ ಅಪಾಯವಿಲ್ಲದ ಮನೆಗೆಲಸದಲ್ಲಿ, ಕುಟುಂಬದ ಕಸುಬಿನಲ್ಲಿ ಕೈಜೋಡಿಸಲು ಎಡೆಗೊಟ್ಟಿದೆ. ಈ ಎಡೆಯನ್ನು ಜೀತದ ಹಿಂಬಾಗಿಲು ಮಾಡಿಕೊಳ್ಳುವವರನ್ನು ಎದುರಿಸಬೇಕಾದದ್ದು ಪರಿಸರ ಚಳವಳಿಯ ಕರ್ತವ್ಯವೂ ಹೌದು.

ಮನೆಯೊಳಗಿನ ಅಸಮಾನತೆಯನ್ನೂ ಮರೆಮಾಚಲಾಗದು. ಎತ್ತಿಗೆ ಗೆಜ್ಜೆ ಕಟ್ಟಿ ಮೆರೆಸುವ ಸಂಭ್ರಮ ಗಂಡುಮಕ್ಕಳಿಗೆ, ಸಗಣಿ ಬಾಚಿ ಕುಳ್ಳು ತಟ್ಟುವ ಕೆಲಸ ಹೆಣ್ಣುಮಕ್ಕಳಿಗೆ ಎಂಬ ಹಂಚಿಕೆ ನಡೆದಲ್ಲಿ ಹಟ್ಟಿ ಕಲಿಸುವುದು ದಯೆಯನ್ನಲ್ಲ, ದರ್ಪವನ್ನು. ಆರೋಗ್ಯದ ಎಚ್ಚರವೂ ಬೇಕು. ಗರ್ಭ ಕಳೆದುಕೊಂಡ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟುವುದರಿಂದ, ಕಾಯಿಸದ ಹಾಲಿನಿಂದ ಬ್ರುಸೆಲ್ಲೋಸಿಸ್ ಮನುಷ್ಯರಿಗೆ ತಗಲುತ್ತದೆ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಇವನ್ನು ಕಲಿಸಬೇಕಾದ ಸ್ಥಳ ಶಾಲೆಯೇ. ಹಟ್ಟಿಯ ಅನುಭವ ಮತ್ತು ಶಾಲೆಯ ವಿಜ್ಞಾನ ಒಂದನ್ನೊಂದು ತಿದ್ದಬೇಕು. ಒಂದು ಇನ್ನೊಂದನ್ನು ಹಂಗಿಸುವುದರಿಂದ ಎರಡೂ ಕುರುಡಾಗುತ್ತವೆ.

ಏನಾಗಬೇಕು?

ಬೇರೆ ದೇಶಗಳು ಇದನ್ನು ಬಹಳ ಹಿಂದೆಯೇ ಅರಿತವು. ಅಮೆರಿಕದ ಓಹಾಯೊ ರಾಜ್ಯದಲ್ಲಿ 1902ರಲ್ಲಿ ಶಾಲಾಧಿಕಾರಿಯೊಬ್ಬರು ಆರಂಭಿಸಿದ ಮಕ್ಕಳ ಕೃಷಿ ಸಂಘ ಮುಂದೆ ‘ಫೋರ್ ಎಚ್’ ಎಂಬ ಚಳವಳಿಗೆ ಬೀಜವಾಯಿತು. ಅಲ್ಲಿ ಮಗು ಒಂದು ಕರುವನ್ನೋ ಕೋಳಿಯನ್ನೋ ಸಾಕಿ, ಮೇವಿನ ಲೆಕ್ಕ, ತೂಕದ ಲೆಕ್ಕ ಬರೆದಿಡುತ್ತದೆ. ಭಾರತದಲ್ಲಿ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕಸುಬಿನ ಮೂಲಕವೇ ಅಕ್ಷರ, ಗಣಿತ, ವಿಜ್ಞಾನ ಕಲಿಸಬೇಕೆಂದಿತು. ದೇಶ ಅದನ್ನು ಗೌರವಪೂರ್ವಕವಾಗಿ ಅಟ್ಟದ ಮೇಲಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಸ್ಥಳೀಯ ಕಸುಬುಗಾರರ ಬಳಿ ಕಲಿಯಲು 10 ಬ್ಯಾಗುರಹಿತ ದಿನಗಳನ್ನು ಸೂಚಿಸಿದೆ. ಆ ಹತ್ತು ದಿನಗಳಲ್ಲಿ ಎರಡನ್ನಾದರೂ ಕುರಿಗಾರರ ಹಟ್ಟಿಯಲ್ಲಿ, ಪಶು ಆಸ್ಪತ್ರೆಯಲ್ಲಿ ಕಳೆಯಲು ಅಡ್ಡಿಯೇನು?

ಮಾಡಬೇಕಾದದ್ದು ದುಬಾರಿಯಲ್ಲ. ಸುಮಾರು 300 ಕಿಲೋ ತೂಗುವ ಹಸುವಿಗೆ ಅದರ ತೂಕದ ಶೇಕಡಾ 2.5ರಿಂದ 3ರಷ್ಟು ಒಣಮೇವಿನ ಅಂಶ ಬೇಕು. ಹಾಗಾದರೆ ತಿಂಗಳಿಗೆ ಎಷ್ಟು ಎಂಬುದು ಐದನೇ ತರಗತಿಯ ಲೆಕ್ಕವಾಗಬಹುದು. ಕರುವಿನ ಎದೆಸುತ್ತಳತೆಯನ್ನು ವಾರಕ್ಕೊಮ್ಮೆ ಅಳೆದು ನಕ್ಷೆ ಬರೆಯುವುದು ವಿಜ್ಞಾನದ ಚಟುವಟಿಕೆಯಾಗಬಹುದು. ಕುರುಗೋಡಿನ ಶಾಲೆಯೊಂದಕ್ಕೆ ಊರಿನ ಕುರಿಗಾರ ಹಿರಿಯರನ್ನು ಕರೆದು, ಕುರಿ ತರುಬುವುದರಿಂದ ಹೊಲಕ್ಕೇನು ಲಾಭವೆಂದು ಮಕ್ಕಳಿಗೆ ಹೇಳಿಸಬಹುದು. ಅಂದು ಅಕ್ಷರ ಬಾರದ ಆ ಹಿರಿಯರಿಗೆ ಮೇಷ್ಟರ ಕುರ್ಚಿಯನ್ನೇ ಬಿಟ್ಟುಕೊಡಬೇಕು. ಮಂದೆಯೊಂದಿಗೆ ಊರೂರು ಅಲೆಯುವ ಕುಟುಂಬಗಳ ಮಕ್ಕಳನ್ನು ಗೈರುಹಾಜರಿಯ ಹೆಸರಿನಲ್ಲಿ ಹೊರಗಟ್ಟದೆ, ಅವರು ತಂಗಿದ ಊರಿನ ಶಾಲೆ ಆ ದಿನಗಳ ಮಟ್ಟಿಗೆ ಒಳಗೆ ಕರೆದುಕೊಳ್ಳಬೇಕು. ನಗರದ ಶಾಲೆಗಳು ಮೃಗಾಲಯದ ಪ್ರವಾಸದ ಬದಲು ಸಂಗನಕಲ್ಲಿನ ಬೆಟ್ಟ, ಕುಡತಿನಿಯ ಬೂದಿಗುಡ್ಡಗಳಿಗೆ ಮಕ್ಕಳನ್ನು ಕರೆದೊಯ್ಯಲಿ. ಅಂಗಳದಲ್ಲಿ ಹಕ್ಕಿಗೆ, ಬೀದಿನಾಯಿಗೆ ಪ್ರತಿದಿನ ನೀರಿಡುವ ಸರದಿಯನ್ನು ರಜೆಯಲ್ಲಿಯೂ ತಪ್ಪದೆ ನಡೆಸಲಿ. ಇದೇ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮಲೆನಾಡಿನ ಶಾಲೆಗಳ ಬಾಗಿಲನ್ನೂ ತಟ್ಟಬೇಕು. ಮಲೆನಾಡು ಗಿಡ್ಡ ತಳಿಯನ್ನು ಉಳಿಸಿರೆಂದು ಭಾಷಣ ಮಾಡುವ ಊರುಗಳಲ್ಲಿಯೂ ಮಕ್ಕಳಿಗೆ ಕೊಟ್ಟಿಗೆಯ ವಾಸನೆ ಹೇಸಿಗೆಯಾಗಿದೆ.

ಎಲ್ಲಕ್ಕೂ ಮೊದಲು ಆ ಬೈಗುಳ ನಿಲ್ಲಬೇಕು. ಅದಕ್ಕೆ ಸರ್ಕಾರದ ಸುತ್ತೋಲೆಯಾಗಲಿ, ಅನುದಾನವಾಗಲಿ ಬೇಕಾಗಿಲ್ಲ. ಮೇಷ್ಟರ ನಾಲಿಗೆ ಒಂದು ಕ್ಷಣ ತಡೆದರೆ ಸಾಕು. ಹೇಳಲೇಬೇಕೆನಿಸಿದರೆ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಹೇಳಲಿ: ‘ದನಾ ಕಾಯಾಕ ಹೋಗು, ಹೋಗಿ ಬಂದು, ಏನೇನು ನೋಡಿದಿ ಅಂತ ನಾಳೆ ಎಲ್ಲರ ಮುಂದ ನಿಂತು ಹೇಳು.’ ಮಗ್ಗಿ ತಪ್ಪಿದ ಅದೇ ಹುಡುಗನಿಗೆ ಅಂದು ಇಡೀ ತರಗತಿ ಕಿವಿಗೊಡುತ್ತದೆ. ಮೇಷ್ಟರೂ ಒಂದಿಷ್ಟು ಕಲಿತಾರು.